ವಿಯೆಟ್ನಾಮಿಗೆ ಕಟ್ಟಿದ ಬಾಕ್ಸು

ಅಬುಧಾಬಿಯ ಖಾಲಿದಿಯಾದಲ್ಲಿ ನಾನು ಕೆಲಸ ಮಾಡುತ್ತಿದ್ದ ಟ್ರಾವೆಲ್ ಆಫೀಸು ಈಗ ಮೊಬೈಲ್ ಕವರು ಮಾರುವ ಅಂಗಡಿಯಾಗಿದೆ. ಹೋದ ತಿಂಗಳು ಹಲ್ಲು ಕೀಳಿಸಿಕೊಳ್ಳಲು ಆ ಬೀದಿಗೆ ಹೋಗಿದ್ದೆ. ಅರ್ಧ ಮುಖ ಮರಗಟ್ಟಿಸಿಕೊಂಡು ಕಾರಿನ ಕಡೆ ನಡೆಯುತ್ತಿದ್ದಾಗ ಪಕ್ಕದ ಒಣಹಣ್ಣಿನ ಅಂಗಡಿಯವನು ಗೋಡಂಬಿ ಹುರಿಯುತ್ತಿದ್ದ. ಆ ಬೀದಿಯಲ್ಲಿ ಅದೊಂದು ಅಂಗಡಿ ಮಾತ್ರ ಹಾಗೇ ಉಳಿದಿದೆ. ಘಮ ಮೂಗಿಗೆ ಬಡಿದದ್ದೇ ತಡ, ಎರಡು ದಿನ ಗಟ್ಟಿ ಪದಾರ್ಥ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಗಾಳಿಗೆ ತೂರಿ ಅರ್ಧ ಕಿಲೋ ಕಟ್ಟಿಸಿಕೊಂಡೆ. ಯಮುನಕ್ಕ ಜೊತೆಯಲ್ಲಿದ್ದಿದ್ದರೆ ಒಂದು ಬೀಜ ಎತ್ತಿ ಬೆಳಕಿಗೆ ಹಿಡಿದು, ಇದು ಒಡೆದದ್ದು, ಇದು ಕರಟಿದ್ದು ಎಂದು ಅಲ್ಲೇ ಅಂಗಡಿಯವನ ಮಾನ ಹರಾಜು ಹಾಕುತ್ತಿದ್ದರು. ಕಾರಿನಲ್ಲಿ ಕೂತು ಪೊಟ್ಟಣ ಬಿಚ್ಚಿ ಬರೀ ಮೂಸಿ ನೋಡಿದೆ. ಅವರನ್ನು ವಿಯೆಟ್ನಾಮಿಗೆ ಕಳಿಸಲು ನಾವು ಒದ್ದಾಡಿದ ಆ ಚಳಿಗಾಲವೆಲ್ಲ ಒಟ್ಟಿಗೆ ನೆನಪಾಯಿತು.

ಅದು ಎರಡು ಸಾವಿರದ ಹದಿನೆಂಟು. ಅಬುಧಾಬಿಯ ಚಳಿ ನಮ್ಮ ತುಮಕೂರಿನ ಕಾರ್ತಿಕದ ಚಳಿಗಿಂತ ಹೆಚ್ಚೇನಲ್ಲ. ಆದರೆ ಬೆಳಿಗ್ಗೆ ಮಂಜು ಕವಿಯಿತೆಂದರೆ ಎದುರಿನ ಕಟ್ಟಡವೇ ಮಾಯವಾಗುತ್ತಿತ್ತು, ಶಾಲೆಯ ಬಸ್ಸುಗಳು ತಡವಾಗುತ್ತಿದ್ದವು. ವ್ಯಾಟ್ ಎಂಬ ತೆರಿಗೆ ಆಗಷ್ಟೇ ಶುರುವಾಗಿ ಜನ ಸೂಪರ್ ಮಾರ್ಕೆಟ್ಟಿನ ಬಿಲ್ಲನ್ನು ಜಾತಕದ ಹಾಗೆ ಓದುತ್ತಿದ್ದರು. ನಮ್ಮ ಆಫೀಸಿನ ಮಾಲೀಕರು ಹಮೀದಾಕ, ಉಳ್ಳಾಲ ಕಡೆಯ ಬ್ಯಾರಿ. ಅವರ ಊರಿನವರು ಹಾಗೆ ಕರೆಯುವುದನ್ನು ಕೇಳಿ ನಾನೂ ಹಮೀದಾಕ ಎಂದೇ ಕರೆಯುತ್ತಿದ್ದೆ. ಮಂಗಳೂರಿನ ಟಿಕೆಟ್ಟು ಮಾರಿ ಮಾರಿಯೇ ಮೂರು ಹೆಣ್ಣುಮಕ್ಕಳನ್ನು ಓದಿಸಿದವರು ಅವರು. ಜನ ಫೋನಿನಲ್ಲೇ ಟಿಕೆಟ್ ತೆಗೆಯಲು ಕಲಿತ ಮೇಲೆ ವ್ಯಾಪಾರ ಇಳಿಯಿತು. "ಊರಿಗೆ ಹೋಗುವ ದಾರಿ ಈಗ ಎಲ್ಲರಿಗೂ ಗೊತ್ತುಂಟು. ಇನ್ನು ನಾವು ಗೊತ್ತಿಲ್ಲದ ಊರು ಮಾರುವ" ಎಂದು ಹೇಳಿ, ಮೂಲೆಯಲ್ಲೊಂದು ಮೇಜು ಹಾಕಿ ನನ್ನನ್ನು ಕೂರಿಸಿದರು. ಥಾಯ್ಲೆಂಡ್, ಮಲೇಶಿಯಾ, ವಿಯೆಟ್ನಾಂ ನನ್ನ ಪಾಲಿಗೆ ಬಂದವು.

ತಮಾಷೆಯೆಂದರೆ ನಾನು ಇವುಗಳಲ್ಲಿ ಒಂದನ್ನೂ ಕಂಡವಳಲ್ಲ. ನಾನು ನೋಡಿದ ಪರದೇಶವೆಂದರೆ ಗಂಡನ ಕೆಲಸದ ಹಿಂದೆ ಬಂದು ಸೇರಿದ ಅಬುಧಾಬಿ ಒಂದೇ. ಆದರೂ ಬಾಯಿ ಜೋರು. ಹೋಗಿ ಬಂದ ಪ್ರತಿಯೊಬ್ಬರಿಗೂ ಫೋನು ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಅಲ್ಲಿ ಇಳಿದ ಮೇಲೆ, ಅಯ್ಯೋ ಇದನ್ನು ಯಾರಾದರೂ ಮೊದಲೇ ಹೇಳಬಾರದಿತ್ತೇ ಅನ್ನಿಸಿದ್ದು ಏನು? ಜಾಗ ಹೇಗಿತ್ತು ಎಂದು ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ. ಈ ಪ್ರಶ್ನೆಗೆ ಮಾತ್ರ ಉತ್ತರ ಹೊಳೆಯಾಗಿ ಹರಿಯುತ್ತಿತ್ತು. ಒಬ್ಬರು ವಿಯೆಟ್ನಾಮಿನಲ್ಲಿ ಇಪ್ಪತ್ತು ಸಾವಿರದ ನೋಟು ಎಂದುಕೊಂಡು ಐದು ಲಕ್ಷದ ನೋಟು ಕೊಟ್ಟು ಬಂದಿದ್ದರು, ಎರಡೂ ನೀಲಿಯಂತೆ. ಇನ್ನೊಬ್ಬರ ಚೀಲವನ್ನು ಬೈಕಿನವನು ಎಳೆದುಕೊಂಡು ಹೋಗಿದ್ದ, ರಸ್ತೆಯ ಕಡೆಯ ಭುಜಕ್ಕೆ ಹಾಕಿಕೊಂಡಿದ್ದರಂತೆ. ಹೀಗೆ ಬೇರೆಯವರು ಪಟ್ಟ ಪಾಡನ್ನೆಲ್ಲ ಕಲೆಹಾಕಿ ನಾನು ಬುದ್ಧಿವಂತೆ ಅನ್ನಿಸಿಕೊಂಡಿದ್ದೆ.

ಯಮುನಕ್ಕ ನನ್ನ ಮಗಳು ಅನ್ವಿಯ ಶಾಲೆಯ ಬಸ್ಸಿನಲ್ಲಿ ಆಯಾ. ಕಾರ್ಕಳ ಕಡೆಯವರು, ಮನೆಮಾತು ತುಳು. ನಾವು ಆಗ ಖಲೀಫಾ ಸಿಟಿಯಲ್ಲಿ ಒಂದೇ ವಿಲ್ಲಾವನ್ನು ನಾಲ್ಕು ಸಂಸಾರಗಳಿಗೆ ಪಾಲು ಮಾಡಿ ಕೊಟ್ಟಿದ್ದ ಕಡೆ ಇದ್ದೆವು. ಬಸ್ಸು ಗೇಟಿನ ಮುಂದೆಯೇ ನಿಲ್ಲುತ್ತಿತ್ತು. ಅವರು ಇಳಿದು ಕೈ ಅಡ್ಡ ಹಿಡಿದರೆ ಎಂಥ ದೊಡ್ಡ ಕಾರೂ ನಿಲ್ಲಬೇಕು. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಇಲ್ಲೇ ದುಡಿಯುತ್ತಿದ್ದರು. ಅರವತ್ತು ತುಂಬುವುದರಲ್ಲಿತ್ತು, ಇನ್ನು ವೀಸಾ ಮುಂದುವರಿಸುವುದಿಲ್ಲ ಎಂದು ಶಾಲೆಯವರು ಹೇಳಿಯಾಗಿತ್ತು. ಜೂನ್ ಕೊನೆಗೆ ಶಾಲೆ ಮುಚ್ಚಿದ ಮೇಲೆ ಕ್ಯಾನ್ಸಲ್ ಮಾಡಿಸಿಕೊಂಡು ಊರಿಗೆ ಹೊರಡಬೇಕು.

ಜನವರಿಯ ಒಂದು ಶನಿವಾರ ಆಫೀಸಿಗೆ ಬಂದವರು ನನ್ನ ಮೇಜಿನ ಮೇಲೆ ಗೋಡಂಬಿಯ ಒಂದು ಪ್ಯಾಕೆಟ್ಟು ಇಟ್ಟರು. ಸೂಪರ್ ಮಾರ್ಕೆಟ್ಟಿನದು. ಹಿಂದುಗಡೆ ತಿರುಗಿಸಿ ಬೆರಳಿಟ್ಟು ತೋರಿಸಿದರು. "ಇದು ವಿಯೆಟ್ನಾಮಿನದ್ದಂತೆ. ಅನ್ವಿ ಓದಿ ಹೇಳಿದಳು. ನನಗೆ ಅಲ್ಲಿಗೆ ಒಮ್ಮೆ ಹೋಗ್ಲಿಕ್ಕುಂಟು."

"ಯಾಕೆ ಯಮುನಕ್ಕ, ಅಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ. ಅದಕ್ಕೇ."

ಆಮೇಲೆ ನಿಧಾನವಾಗಿ ಹೇಳಿದರು. ಹನ್ನೆರಡನೆಯ ವಯಸ್ಸಿಗೇ ಗೇರುಬೀಜದ ಫ್ಯಾಕ್ಟರಿಗೆ ಸೇರಿದವರು. ಚಿಪ್ಪು ಒಡೆದು ತಿರುಳು ತೆಗೆಯುವ ಕೆಲಸ. ಚಿಪ್ಪಿನ ಎಣ್ಣೆಗೆ ಬೆರಳು ಸುಟ್ಟು ಕಪ್ಪಾಗುತ್ತದೆ, ಕೈಗೆ ಬೂದಿ ಬಳಿದುಕೊಂಡು ಕೂರಬೇಕು. ಇಷ್ಟು ವರ್ಷವಾದರೂ ಅವರ ಬೆರಳ ತುದಿಗಳಲ್ಲಿ ಆ ಕಲೆ ಹಾಗೇ ಇತ್ತು. "ನಾನು ಬಿಟ್ಟು ಬಂದ ಕೆಲಸ ಈಗ ಯಾರು ಮಾಡ್ತಾ ಇದ್ದಾರೆ, ಅವರ ಕೈ ಹೇಗುಂಟು, ನೋಡ್ಬೇಕು. ಮತ್ತೊಂದು ಸಂಗತಿ ಮಗಾ. ನಾನು ವಿಮಾನ ಹತ್ತಿದ್ದು ಒಂದಾ ಕೆಲಸಕ್ಕೆ, ಒಂದಾ ಸಾಮಾನು ಹೊತ್ತುಕೊಂಡು ಊರಿಗೆ. ಸುಮ್ಮನೆ ನೋಡ್ಲಿಕ್ಕೆ ಅಂತ ಹೋದದ್ದೇ ಇಲ್ಲ. ಊರಿಗೆ ಹೋದ ಮೇಲೆ ಇನ್ನು ಯಾರು ಕಳಿಸ್ತಾರೆ?"

ಹಮೀದಾಕ ತಮ್ಮ ಮೇಜಿನಿಂದಲೇ ಕೇಳಿಸಿಕೊಂಡು, "ಮಾಫಿ ಮುಷ್ಕಿಲ್, ಏನೂ ತೊಂದರೆ ಇಲ್ಲ ಯಮುನಕ್ಕ, ಕಳಿಸುವ. ಅಷ್ಟು ಮಾಡದಿದ್ರೆ ಈ ಅಂಗಡಿ ಇಟ್ಟು ಎಂತಕ್ಕೆ?" ಎಂದರು.

ಅವರಿಗೆ ಫೆಬ್ರವರಿಯಲ್ಲೇ ಹೋಗಬೇಕೆಂದಿತ್ತು. ನಾನು ತಡೆದೆ. ಫೆಬ್ರವರಿ ನಡುವೆ ಅವರ ಹೊಸ ವರ್ಷ. ಆಗ ಊರಿಗೆ ಊರೇ ಬಾಗಿಲು ಹಾಕಿ ತವರಿಗೆ ಹೋಗುತ್ತದೆ, ಬಸ್ಸಿನಲ್ಲಿ ನಿಲ್ಲಲು ಜಾಗ ಸಿಗುವುದಿಲ್ಲ, ಹೋದವರು ಹೋಟೆಲ್ಲಿನ ಕಿಟಕಿ ನೋಡಿಕೊಂಡು ಕೂರಬೇಕು. ಮಾರ್ಚ್ ಕೊನೆಗೆ ಶಾಲೆಗೆ ಎರಡು ವಾರ ರಜೆಯಿದೆ, ಗೇರಿನ ಕೊಯ್ಲೂ ಆಗಲೇ ಎಂದೆ. ಸರಿ ಅಂದರು. ಪಾಸ್‌ಪೋರ್ಟು ತೆಗೆದು ನೋಡಿದರೆ ಜುಲೈಗೆ ಮುಗಿಯುತ್ತದೆ! ಹೊರದೇಶಕ್ಕೆ ಹೋಗುವವರ ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳು ಆಯುಸ್ಸು ಇರಬೇಕು. ಹೇಗೂ ಊರಿಗೆ ಹೋಗುವವಳಿಗೆ ಹೊಸದು ಯಾಕೆಂದು ಅವರು ಸುಮ್ಮನಿದ್ದರು. "ನಾಳೆಯೇ ಅರ್ಜಿ ಕೊಡಿ" ಎಂದು ಬೆನ್ನುಹತ್ತಿದೆ.

ಆ ನಾಳೆ ಬರಲಿಲ್ಲ. ಅವರ ತಂಗಿಯ ಮಗ ಸತೀಶ ದುಬೈಯ ರಾಸ್ ಅಲ್ ಖೋರ್‌ನಲ್ಲಿ ಒಂದು ಗ್ಯಾರೇಜಿನಲ್ಲಿದ್ದ. ಅವನನ್ನು ಇಲ್ಲಿಗೆ ಕರೆಸಿಕೊಂಡವರೂ ಯಮುನಕ್ಕನೇ. ಸುದ್ದಿ ಕಿವಿಗೆ ಬಿದ್ದ ಶುಕ್ರವಾರವೇ ಬಸ್ಸು ಹತ್ತಿ ಬಂದುಬಿಟ್ಟ. ನಮ್ಮ ಮನೆಯಲ್ಲೇ ಮಾತಾಯಿತು. ಒಳ್ಳೆಯ ಹುಡುಗ, ಜೋರು ಮಾಡುವವನಲ್ಲ. ಅಂಥವರನ್ನು ಎದುರಿಸುವುದು ಇನ್ನೂ ಕಷ್ಟ.

"ದೊಡ್ಡಮ್ಮ, ಒಬ್ರೇ ಯಾಕೆ? ನನಗೆ ರಜೆ ಸಿಕ್ಕಿದಾಗ ನಾನೇ ಕರ್ಕೊಂಡು ಹೋಗ್ತೇನೆ."

"ನಿನಗೆ ರಜೆ ಸಿಗುವಾಗ ನಾನು ಕಾರ್ಕಳದಲ್ಲಿ ಕೋಳಿ ಅಟ್ಟುತ್ತಾ ಇರ್ತೇನೆ."

"ಗುರ್ತಿಲ್ಲದ ದೇಶ, ಭಾಷೆ ಬರುದಿಲ್ಲ..."

"ಇಲ್ಲಿಗೆ ಬರುವಾಗ ನನಗೆ ಅರಬ್ಬಿ ಬರ್ತಿತ್ತಾ?"

ಅವನು ಚಹಾದ ಲೋಟ ಕೆಳಗಿಟ್ಟ. ಆಮೇಲೆ ಹೊಟ್ಟೆಯಲ್ಲಿದ್ದದ್ದು ಹೊರಬಂತು. "ಅದಲ್ಲ ದೊಡ್ಡಮ್ಮ. ನೀವು ಕ್ಯಾನ್ಸಲಾಗಿ ಬರ್ತೀರಿ ಅಂತ ಮನೆಯಲ್ಲಿ ಎಲ್ಲ ಕಾಯ್ತಾ ಇದ್ದಾರೆ. ಕೊನೆಯ ಬಾಕ್ಸ್ ಅಲ್ವಾ, ದೊಡ್ಡದು ಕಟ್ತಾರೆ ಅಂತ. ಅಮ್ಮ ಹೇಳಿದ್ದುಂಟು, ಮಾವನ ಮಕ್ಕಳು ಹೇಳಿದ್ದುಂಟು. ನೀವು ಇಲ್ಲಿ ಟೂರ್ ಅಂತ ಹೋದ್ರೆ..."

ಗಲ್ಫಿನಲ್ಲಿ ಇದ್ದವರಿಗೆ ಆ ಬಾಕ್ಸಿನ ಮಹಿಮೆ ಹೇಳಬೇಕಾಗಿಲ್ಲ. ಊರಿಗೆ ಹೊರಡುವ ಎರಡು ತಿಂಗಳ ಮೊದಲೇ ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆ ಬಂದು ಕೂರುತ್ತದೆ. ಕಿತ್ತಳೆ ಶರಬತ್ತಿನ ಪುಡಿ, ಹಾಲಿನ ಪುಡಿ, ಸೋಪು, ಚಾಕಲೇಟು, ತಲೆನೋವಿನ ಮುಲಾಮು, ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು. ಮೇಲೆ ಟೇಪು, ಅದರ ಮೇಲೆ ನೈಲಾನ್ ಹಗ್ಗ, ಅದರ ಮೇಲೆ ಮಾರ್ಕರಿನಲ್ಲಿ ಆಳೆತ್ತರದ ಅಕ್ಷರದಲ್ಲಿ ಹೆಸರು. ಸತೀಶ ಹೋದ ಮೇಲೆ ಯಮುನಕ್ಕ ಲೋಟ ತೊಳೆದಿಟ್ಟು, "ಬಿಡು ಮಗಾ, ಆಗುದಿಲ್ಲ" ಎಂದು ಹೊರಟರು. ಮೂರು ವಾರ ಆ ಮಾತೇ ಇಲ್ಲ. ಬಸ್ಸಿನಿಂದ ಇಳಿದರೂ ನನ್ನ ಮುಖ ನೋಡದೆ ಅನ್ವಿಯನ್ನು ಇಳಿಸಿ ಹತ್ತಿಬಿಡುತ್ತಿದ್ದರು. ನನಗೆ ಸತೀಶನ ಮೇಲೆ ಸಿಟ್ಟು, ಅವರ ಮೇಲೆ ಅದಕ್ಕಿಂತ ಸಿಟ್ಟು. ಇಡೀ ಜನ್ಮ ಬೇರೆಯವರಿಗೆ ಬಾಕ್ಸು ಕಟ್ಟಿದ ಹೆಂಗಸಿಗೆ ಒಂದು ವಾರ ಅವರದ್ದು ಅಂತ ಸಿಗಬಾರದೇ ಎಂದು ನಿಜವಾಗಿ ಸಂಕಟವಾಗಿತ್ತು.

ಅದನ್ನು ಬಗೆಹರಿಸಿದ್ದು ಬಸ್ಸಿನ ಮಕ್ಕಳು. ಫೆಬ್ರವರಿ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಮಕ್ಕಳೆಲ್ಲ ರಜೆಗೆ ಯಾರು ಎಲ್ಲಿಗೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದವಂತೆ. ಒಬ್ಬ ಲಂಡನ್, ಒಬ್ಬಳು ಜಾರ್ಜಿಯಾ. ಅನ್ವಿ ತಿರುಗಿ, "ವಾಟ್ ಅಬೌಟ್ ಯೂ, ಯಮುನಾ ಆಂಟಿ?" ಎಂದಳಂತೆ. ಯಮುನಕ್ಕನ ಬಾಯಿಂದ ತಾನಾಗಿಯೇ ವಿಯೆಟ್ನಾಂ ಎಂದು ಬಂದುಬಿಟ್ಟಿದೆ. ಇಡೀ ಬಸ್ಸು ಚಪ್ಪಾಳೆ ತಟ್ಟಿತಂತೆ. ಅಂದು ಸಂಜೆ ನಮ್ಮ ಬಾಗಿಲಲ್ಲಿ ನಿಂತು, "ಮಕ್ಕಳ ಹತ್ರ ಹೇಳಿ ಆಯ್ತು. ಇನ್ನು ಹೋಗದಿದ್ರೆ ಆಯಾ ಸುಳ್ಳು ಹೇಳ್ತಾಳೆ ಅಂತ ಆಗ್ತದೆ. ಆ ಅರ್ಜಿ ಎಲ್ಲಿ ಕೊಡುದು?" ಎಂದರು.

ಆಮೇಲೆ ಓಟವೋ ಓಟ. ಪಾಸ್‌ಪೋರ್ಟು ಬರುವುದಕ್ಕೆ ಕಾಯಬೇಕು, ಅದು ಬಂದ ಮೇಲೆ ವಿಯೆಟ್ನಾಮಿನ ಇ-ವೀಸಾ, ಅದಕ್ಕೂ ಮೂರ್ನಾಲ್ಕು ದಿನ. ಮಾರ್ಚಿನಲ್ಲಿ ಮಂಜು ಹೋಗಿ ಮರಳುಗಾಳಿ ಶುರುವಾಗಿತ್ತು. ಕಿಟಕಿಯ ಸಂದಿಗೆಲ್ಲ ಒದ್ದೆಬಟ್ಟೆ ತುರುಕಿ ಕೂತು ನಾನು ದಿನಕ್ಕೆ ಹತ್ತು ಸಲ ಪಾಸ್‌ಪೋರ್ಟು ಎಲ್ಲಿಗೆ ಬಂತೆಂದು ಕಂಪ್ಯೂಟರಿನಲ್ಲಿ ನೋಡುತ್ತಿದ್ದೆ. ರಜೆ ಶುರುವಾಗಲು ಒಂದು ವಾರವಿದ್ದಾಗ ಬಂತು. ಹಮೀದಾಕ ಅಂಗಡಿಗೆ ಬೀಗ ಹಾಕಿ ತಾವೇ ಯಮುನಕ್ಕನನ್ನು ಕೂರಿಸಿಕೊಂಡು ಹೋಗಿ ತೆಗೆಸಿಕೊಟ್ಟರು. ಇಲ್ಲಿಯ ವೀಸಾ ಹಳೆಯದರಲ್ಲಿದೆ, ವಾಪಸು ಬರುವಾಗ ಎರಡೂ ಪಾಸ್‌ಪೋರ್ಟು ತೋರಿಸಬೇಕು, ಒಂದನ್ನು ಮನೆಯಲ್ಲಿ ಬಿಟ್ಟರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ ಎಂದು ನಾನು ಎಷ್ಟು ಸಲ ಹೇಳಿದೆನೋ, ಅವರು ಎರಡನ್ನೂ ಒಂದೇ ರಬ್ಬರ್ ಬ್ಯಾಂಡಿನಲ್ಲಿ ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಇನ್ನು ನನ್ನ ಪಾಠ. ಇ-ವೀಸಾ ಕಾಗದದಲ್ಲಿ ಎರಡು ಪ್ರತಿ, ಫೋನಿನಲ್ಲಿದೆ ಎಂದರೆ ಸಾಲದು. ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿ ಎಂದು ಕೈ ಹಿಡಿದು ಎಳೆಯುವವರ ಹಿಂದೆ ಹೋಗಕೂಡದು, ಸಾಲಿನಲ್ಲಿ ನಿಂತ ಮೀಟರಿನದಕ್ಕೇ ಹತ್ತಬೇಕು. ಹೋಟೆಲ್ಲಿನ ವಿಳಾಸದ ಚೀಟಿ ರವಿಕೆಯಲ್ಲಿ. ನೀಲಿ ನೋಟುಗಳೆರಡು ಬೇರೆ ಬೇರೆ ಖಾನೆಯಲ್ಲಿ. ದೇವಸ್ಥಾನಕ್ಕೆ ಮೊಣಕಾಲು, ಭುಜ ಮುಚ್ಚಿದ ಬಟ್ಟೆ. ಅದು ಅವರಿಗೆ ಹೇಳಿ ಕೊಡಬೇಕಿರಲಿಲ್ಲ. ಊಟದಲ್ಲಿ ದನದ ಮಾಂಸಕ್ಕೆ ಬೊ ಎನ್ನುತ್ತಾರೆ, ಹಂದಿಗೆ ಹೆಯೊ. ಎರಡೂ ಬೇಡವೆಂದು ಕೈಯಾಡಿಸಿ. ಎಲ್ಲದಕ್ಕೂ ಮೀನಿನ ರಸ ಹಾಕುತ್ತಾರೆ ಎಂದಾಗ, "ಅದಕ್ಕೆಂತ, ಒಳ್ಳೇದೇ" ಎಂದರು. ಆದರೆ ಸೋಮವಾರ ಮೀನು ಮುಟ್ಟದವರು. ಅಂದು ಚಾಯ್ ಎಂದು ಹೇಳಿ, ಬರೀ ಸೊಪ್ಪು ತರಕಾರಿ ಕೊಡುತ್ತಾರೆ, ಹುಣ್ಣಿಮೆ ಅಮಾವಾಸ್ಯೆಗೆ ಅಲ್ಲಿಯವರೂ ಎಷ್ಟೋ ಜನ ಹಾಗೇ ಉಣ್ಣುತ್ತಾರೆ ಎಂದೆ. ಯಮುನಕ್ಕನಿಗೆ ಆ ದೇಶದ ಮೇಲೆ ಅಭಿಮಾನ ಬಂದದ್ದು ಆಗಲೇ.

ರಸ್ತೆ ದಾಟುವುದೊಂದು ಉಳಿದಿತ್ತು. ಅವರು ಇಳಿಯಲಿದ್ದ ಸೈಗಾನ್ ನಗರದಲ್ಲಿ ಬೈಕುಗಳು ನಿಲ್ಲುವುದಿಲ್ಲ. ನಿಧಾನವಾಗಿ ಒಂದೇ ಸಮನೆ ನಡೆಯಬೇಕು, ಅವರೇ ಸುತ್ತಿಕೊಂಡು ಹೋಗುತ್ತಾರೆ. ಓಡಬಾರದು, ನಿಲ್ಲಬಾರದು, ಹೆದರಿ ಹಿಂದಕ್ಕಂತೂ ಹೆಜ್ಜೆ ಇಡಲೇಬಾರದು. ಅಬುಧಾಬಿಯಲ್ಲಿ ಎಲ್ಲೆಂದರಲ್ಲಿ ದಾಟಿದರೆ ದಂಡ ಬೀಳುತ್ತದೆ, ಕಲಿಸುವುದೆಲ್ಲಿ? ಕೊನೆಗೆ ವಿಲ್ಲಾದ ಹಿಂದಿನ ಓಣಿಯಲ್ಲಿ ಅಕ್ಕಪಕ್ಕದ ಮಕ್ಕಳನ್ನೆಲ್ಲ ಸೈಕಲ್ಲು, ಸ್ಕೂಟರು, ಸ್ಕೇಟಿಂಗ್ ಸಮೇತ ಸೇರಿಸಿದೆ. ಎಡದಿಂದ ಏಳೆಂಟು, ಬಲದಿಂದ ಏಳೆಂಟು, ಗಂಟೆ ಬಾರಿಸುತ್ತ ನುಗ್ಗಲು ಹೇಳಿದೆ. ಮೊದಲ ಸಲ ಯಮುನಕ್ಕ ಅಭ್ಯಾಸಬಲದಿಂದ ಕೈ ಅಡ್ಡ ಹಿಡಿದರು, ಮಕ್ಕಳೆಲ್ಲ ಗಕ್ಕನೆ ನಿಂತುಬಿಟ್ಟವು.

"ನಿಲ್ಲಬೇಡ್ರೋ" ಎಂದು ನಾನು ಕೂಗಿದೆ. "ಯಮುನಕ್ಕ, ಅಲ್ಲಿ ನೀವು ಆಯಾ ಅಲ್ಲ ಕಣ್ರೀ. ಕೈ ಇಳಿಸಿ."

"ಮತ್ತೆ ಎಂತ ನಾನು ಅಲ್ಲಿ?"

"ಟೂರಿಸ್ಟ್."

ಆ ಮಾತಿಗೆ ಓಣಿಯ ನಡುವೆಯೇ ನಿಂತು ಸೆರಗು ಬಾಯಿಗಿಟ್ಟು ನಕ್ಕರು. ಎರಡನೆಯ ಸಲ ಅನ್ವಿ, "ಸ್ಲೋ, ಆಂಟಿ, ಸ್ಲೋ" ಎನ್ನುತ್ತ ಪಕ್ಕದಲ್ಲೇ ನಡೆದಳು. ನಾಲ್ಕನೆಯ ಸಲಕ್ಕೆ ಯಮುನಕ್ಕ ಕಣ್ಣು ಮುಂದಿಟ್ಟುಕೊಂಡು, ಮದುವೆಮನೆಯಲ್ಲಿ ನಡೆದ ಹಾಗೆ ನೆಟ್ಟಗೆ ಆಚೆ ದಡ ಸೇರಿದರು.

ಎಲ್ಲ ಸಿದ್ಧವಾಯಿತು ಎಂದುಕೊಂಡು ಹೊರಡುವ ಹಿಂದಿನ ದಿನ ಅವರ ರೂಮಿಗೆ ಹೋದರೆ ಮಂಚದ ಪಕ್ಕದಲ್ಲಿ ಬಾಕ್ಸು! ಟೇಪು, ಹಗ್ಗ, ಮಾರ್ಕರಿನಲ್ಲಿ ಹೆಸರು, ಯಾವುದಕ್ಕೂ ಕಡಿಮೆಯಿಲ್ಲ. ಶರಬತ್ತಿನ ಪುಡಿ, ಹಾಲಿನ ಪುಡಿ, ಸೋಪು, ಮುಲಾಮು ಎಲ್ಲ ಒಳಗಿದೆಯಂತೆ. ನನಗೆ ತಲೆ ಕೆಟ್ಟುಹೋಯಿತು.

"ಇದು ಯಾರಿಗೆ?"

"ಅಲ್ಲಿಯವರಿಗೆ."

"ಅಲ್ಲಿ ನಿಮಗೆ ಯಾರೂ ಇಲ್ಲ ಅಂತ ನೀವೇ ಅಂದ್ರಲ್ಲ. ಟೂರಿಗೆ ಹೋಗೋರು ಯಾರೂ ಹೀಗೆ ಕಟ್ಟಲ್ಲ ಯಮುನಕ್ಕ. ಒಂದು ಚೀಲ ಸಾಕು. ಬಸ್ಸಿನಲ್ಲಿ, ಹೋಟೆಲ್ಲಿನ ಮೆಟ್ಟಿಲ ಮೇಲೆ ಇದನ್ನ ಹೊರೋರು ಯಾರು?"

"ನಿಮಗೆ ಘಟ್ಟದ ಮೇಲಿನವರಿಗೆ ಗೊತ್ತಾಗುದಿಲ್ಲ ಮಾರಾಯ್ತಿ. ಬೀಜ ಒಡೆಯುವ ಹೆಂಗಸರ ಹತ್ರ ಹೋಗ್ಲಿಕ್ಕುಂಟು. ಗಲ್ಫಿನಿಂದ ಬಂದವಳು ಕೈಬೀಸಿಕೊಂಡು ಹೋದ್ರೆ ಎಂತ ಚಂದ?"

ನಾನು ಅರ್ಧ ಗಂಟೆ ವಾದಿಸಿದೆ. ಅವರು ಪ್ರತಿ ಮಾತಿಗೂ ಹೌದು ಎನ್ನುತ್ತ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದರು. ಮರುದಿನ ಸತೀಶನೇ ಮಾಲೀಕನ ವ್ಯಾನು ತಂದು ದುಬೈ ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋದ. ಅವನ ಮುಖ ಇನ್ನೂ ಬಿಗಿದೇ ಇತ್ತು. ಬಾಕ್ಸು ನೋಡಿ ಮಾತ್ರ, "ಇದು ಅಲ್ಲಿಗಾ? ಊರಿಗಲ್ವಾ?" ಎಂದು ಎರಡು ಸಲ ಕೇಳಿದ.

ಇಲ್ಲಿ ವಾಟ್ಸಾಪಿನಲ್ಲಿ ಕರೆ ಹೋಗುವುದಿಲ್ಲ, ಹಾಗಾಗಿ ಅವರ ಪ್ರವಾಸವನ್ನು ನಾನು ಕೇಳಿದ್ದು ಧ್ವನಿ ಸಂದೇಶಗಳಲ್ಲಿ. ಹಮೀದಾಕ ಅಂಗಡಿಯ ಸ್ಪೀಕರಿಗೆ ಹಾಕಿಸುತ್ತಿದ್ದರು. ಮೊದಲನೆಯದು ತುಂಬ ಗದ್ದಲದ ನಡುವೆ: "ಸಂಧ್ಯಾ, ದಾಟಿದೆ. ಹಿಂದೆ ಹೆಜ್ಜೆ ಇಡ್ಲಿಲ್ಲ. ಇಲ್ಲಿ ಒಬ್ಬ ದೊರೆಸಾನಿ ನಡುವಲ್ಲಿ ನಿಂತುಬಿಟ್ಟಿದ್ಲು, ಅವಳನ್ನೂ ಕೈ ಹಿಡಿದು ದಾಟಿಸಿದೆ." ಎರಡನೆಯದು ಹೋಟೆಲ್ಲಿನಿಂದ, ದೋಸೆಯಂಥದ್ದರೊಳಗೆ ಸೊಪ್ಪು ಸುತ್ತಿ ತಿಂದದ್ದರ ವರ್ಣನೆ. ಆಮೇಲೆ ಎರಡು ದಿನ ಸದ್ದಿಲ್ಲ. ನಮ್ಮ ಜೀವ ಕೈಯಲ್ಲಿತ್ತು. ಸತೀಶ ದಿನಕ್ಕೆ ಮೂರು ಸಲ ಫೋನು ಮಾಡಿ, "ಅಕ್ಕಾ, ಎಂತಾದ್ರೂ ಗೊತ್ತಾಯ್ತಾ?" ಎನ್ನುತ್ತಿದ್ದ.

ಮೂರನೆಯ ದಿನ, ನಾವು ಗೊತ್ತುಮಾಡಿಕೊಟ್ಟಿದ್ದ ಗೈಡ್ ಹುಡುಗಿ ಹಾನ್ ಒಂದು ಫೋಟೋ ಕಳಿಸಿದಳು. ಸೈಗಾನಿನ ಬಡಗಣ ದಿಕ್ಕಿಗೆ ಬಸ್ಸಿನಲ್ಲಿ ಮೂರು ಗಂಟೆ ಹೋದರೆ ಗೇರಿನ ಸೀಮೆ; ಅಲ್ಲಿ ಫೋನಿಗೆ ಸಿಗ್ನಲ್ ಸರಿಯಿರಲಿಲ್ಲವಂತೆ. ತಗಡಿನ ಚಾವಣಿಯ ಕೆಳಗೆ ಹತ್ತಾರು ಹೆಂಗಸರು, ನಡುವೆ ನೀಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಮ್ಮ ಯಮುನಕ್ಕ. ಹಿಂದೆಯೇ ಅವರ ಸಂದೇಶ ಬಂತು. ಅದನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ ಈಗಲೂ ಬಾಯಿಪಾಠವಿದೆ.

"ಇಲ್ಲಿ ಕೈಗೆ ಗ್ಲೌಸ್ ಕೊಡ್ತಾರೆ ಮಗಾ, ನಮಗೆ ಬೂದಿ ಕೊಡ್ತಿದ್ರು. ಒಬ್ಬಳು ಮುದುಕಿ ಉಂಟು, ಗ್ಲೌಸ್ ತೆಗೆದು ಬೆರಳು ತೋರಿಸಿದ್ಲು. ನಾನೂ ತೋರಿಸಿದೆ. ಮತ್ತೆ ಭಾಷೆ ಬೇಕಾಗ್ಲಿಲ್ಲ. ಗೇರುಹಣ್ಣಿಗೆ ಉಪ್ಪು ಮೆಣಸು ಹಾಕಿ ಕೊಟ್ರು, ನಮ್ಮ ಹಾಗೆಯೇ ತಿನ್ನುದು. ಬಾಕ್ಸ್ ಉಂಟಲ್ಲಾ, ಬಂದ ಕೂಡ್ಲೇ ಯಾರೂ ಅದರ ಮೇಲೆ ಕಣ್ಣು ಹಾಕ್ಲಿಲ್ಲ. ಮೊದಲು ಕುರ್ಚಿ ಇಟ್ರು. ಕಾಲು ಚಾಚು ಅಂತ ಹೇಳಿದ್ರು. ಐಸ್ ಹಾಕಿದ ಚಾ ಕೊಟ್ರು. ನಾನು ಕುಡಿದು ಮುಗಿಸುವವರೆಗೆ ಎಲ್ಲ ನನ್ನನ್ನೇ ನೋಡ್ತಾ ಇದ್ರು. ಮತ್ತೆ ಬಾಕ್ಸ್ ಬಿಚ್ಚಿದೆ. ಶರಬತ್ತಿನ ಪುಡಿಯನ್ನು ದೊಡ್ಡ ಬಕೆಟಿಗೆ ಹಾಕಿ ಐಸ್ ಹಾಕಿ ಕಲಸಿದ್ರು. ಎಲ್ಲರ ಬಾಯಿಯೂ ಕಿತ್ತಳೆ ಬಣ್ಣ."

ಹಮೀದಾಕ ಕನ್ನಡಕ ತೆಗೆದು ಒರೆಸಿಕೊಂಡರು. ನಾನಂತೂ ಮುಚ್ಚಿಡದೆ ಅತ್ತೆ. ಅವತ್ತಿನಿಂದ ನನ್ನ ಗಿರಾಕಿಗಳಿಗೆ ಹೇಳುವ ಬುದ್ಧಿಮಾತಿನಲ್ಲಿ ಒಂದು ಸೇರಿಕೊಂಡಿತು: ಚೀಲದಲ್ಲಿ ಒಂದಿಷ್ಟು ಜಾಗ ಬಿಟ್ಟು, ಇಲ್ಲಿಯದು ಏನಾದರೂ ಸಣ್ಣದೊಂದು ಇಟ್ಟುಕೊಳ್ಳಿ, ಯಾರಿಗೆಂದು ಅಲ್ಲಿ ಗೊತ್ತಾಗುತ್ತದೆ.

ಶಾಲೆ ತೆರೆಯುವ ಹಿಂದಿನ ದಿನ ಯಮುನಕ್ಕ ವಾಪಸು ಬಂದರು. ಬಸ್ಸಿನ ಮಕ್ಕಳಿಗೆಲ್ಲ ತಲೆಗೊಂದು ಗೋಡಂಬಿ, ಹೆಚ್ಚಿಲ್ಲ, ಒಂದೇ. ಏಪ್ರಿಲ್, ಮೇ ಎನ್ನುವಷ್ಟರಲ್ಲಿ ಸೆಕೆ ಏರಿತು. ಬಸ್ಸಿನ ಕಂಬಿ ಮುಟ್ಟಿದರೆ ಕೈ ಸುಡುವ ಕಾಲ. ಜೂನಿನಲ್ಲಿ ಅವರ ರೂಮಿಗೆ ಹೋದಾಗಲೆಲ್ಲ ನಾನು ಮಂಚದ ಕೆಳಗೆ ಬಗ್ಗಿ ನೋಡುತ್ತಿದ್ದೆ. ಅಲ್ಲಿ ಚಪ್ಪಲಿ ಬಿಟ್ಟರೆ ಏನೂ ಇರಲಿಲ್ಲ. ಕೇಳಿದರೆ, "ಆಗ್ತದೆ, ಆಗ್ತದೆ" ಎಂದು ಮಾತು ಹಾರಿಸುತ್ತಿದ್ದರು.

ಹೊರಡುವ ದಿನ ಅಬುಧಾಬಿ ವಿಮಾನ ನಿಲ್ದಾಣಕ್ಕೆ ನಾನು, ಅನ್ವಿ, ಹಮೀದಾಕ ಹೋಗಿದ್ದೆವು. ಮಂಗಳೂರಿನ ಸಾಲು ದೂರದಿಂದಲೇ ಗೊತ್ತಾಗುತ್ತಿತ್ತು, ಟ್ರಾಲಿಯ ಮೇಲೆ ಟ್ರಾಲಿ, ಹಗ್ಗ ಬಿಗಿದ ಬಾಕ್ಸಿನ ಮೇಲೆ ಬಾಕ್ಸು. ಯಮುನಕ್ಕನ ಹೆಗಲಲ್ಲಿ ವಿಯೆಟ್ನಾಮಿಗೆ ಒಯ್ದಿದ್ದ ಬಟ್ಟೆಯ ಚೀಲ ಒಂದೇ. ಅಷ್ಟರಲ್ಲಿ ಸತೀಶ ಬೆವರಿಕೊಂಡು ಬಂದ. ಟ್ರಾಲಿಯಲ್ಲಿ ದೊಡ್ಡದೊಂದು ಬಾಕ್ಸು, ಮೇಲೆ ಅವರದೇ ಹೆಸರು.

"ನೀವು ಕಟ್ಟಲಿಲ್ಲ ಅಂತ ಗೊತ್ತಾಯ್ತು. ನಾನೇ ಕಟ್ಟಿದೆ. ಇಷ್ಟು ವರ್ಷ ಗಲ್ಫಲ್ಲಿ ಇದ್ದು ಬರಿಗೈಯಲ್ಲಿ ಇಳಿದ್ರೆ ಜನ ಎಂತ ಹೇಳ್ತಾರೆ ದೊಡ್ಡಮ್ಮ?"

ಯಮುನಕ್ಕ ಬಾಕ್ಸಿನ ಗಂಟನ್ನು ಮುಟ್ಟಿ ನೋಡಿದರು. ಚೆನ್ನಾಗಿ ಕಟ್ಟಿದ್ದೀಯಾ ಎಂದರು. ಆಮೇಲೆ ಅವನ ಕೈ ಹಿಡಿದುಕೊಂಡರು.

"ನಾನು ಊರಿಗೆ ಹೋದಾಗೆಲ್ಲ ಜೀಪಿನಿಂದ ಮೊದಲು ಇಳಿಸುದು ಇದನ್ನು. ಚಾಕು ತನ್ನಿ, ಕತ್ತಿ ತನ್ನಿ ಅಂತ ಎಲ್ಲ ಒಳಗೆ ಓಡುದು. ನಾನು ಹೊರಗೆ ಅಂಗಳದಲ್ಲಿ ಚಪ್ಪಲಿ ಬಿಚ್ಚುತ್ತಾ ನಿಂತಿರುದು. ಯಾರದ್ದೂ ತಪ್ಪಲ್ಲ ಮಗಾ, ನಾನೇ ಹಾಗೆ ಅಭ್ಯಾಸ ಮಾಡಿದ್ದು. ನಿಮಗೆಲ್ಲ ಕೊಡ್ಲಿಕ್ಕೆ ನನಗೆ ಬೇಸರ ಇಲ್ಲ, ಇನ್ನೂ ಕೊಡ್ತೇನೆ. ಆದ್ರೆ ಈ ಒಂದು ಸಲ ಮೊದಲು ನನ್ನನ್ನು ಒಳಗೆ ಕರೀಲಿ. ಆಯ್ತಾ?"

ಸತೀಶ ತಲೆ ತಗ್ಗಿಸಿ ಟ್ರಾಲಿಯನ್ನು ಪಕ್ಕಕ್ಕೆ ಸರಿಸಿದ. ಅನ್ವಿ ಅವರ ಸೊಂಟ ತಬ್ಬಿಕೊಂಡು, "ಸ್ಲೋ, ಆಂಟಿ" ಎಂದಳು. ಯಮುನಕ್ಕ ಆ ಟ್ರಾಲಿಗಳ ನಡುವೆ ನಿಲ್ಲದೆ, ಓಡದೆ, ನಮ್ಮ ಓಣಿಯಲ್ಲಿ ಕಲಿತ ಹಾಗೆಯೇ ಒಂದೇ ಸಮನೆ ನಡೆದು ಒಳಗೆ ಹೋದರು. ಸತೀಶ ಕಟ್ಟಿದ್ದ ಬಾಕ್ಸನ್ನು ನಮ್ಮ ವಿಲ್ಲಾಕ್ಕೇ ತಂದು, ಆ ಸಂಜೆ ಓಣಿಯ ಮಕ್ಕಳಿಗೆಲ್ಲ ಬಕೆಟಿನಲ್ಲಿ ಶರಬತ್ತು ಕಲಸಿದೆವು. ಕಲಸಿದವನು ಅವನೇ.

ಮರುದಿನ ಆಫೀಸಿನಲ್ಲಿದ್ದಾಗ ಅವರ ಸಂದೇಶ ಬಂತು. ಹಿಂದೆ ಜೋರು ಮಳೆಯ ಸದ್ದು, ಯಾರೋ ಮಕ್ಕಳು ಕಿರುಚುತ್ತಿದ್ದವು. ಹಮೀದಾಕ ಕೈಯಲ್ಲಿದ್ದ ಫೋನು ಕೆಳಗಿಟ್ಟು ಹತ್ತಿರ ಬಂದು ನಿಂತರು.

"ಸಂಧ್ಯಾ, ಮನೆ ಮುಟ್ಟಿದೆ. ತಂಗಿ ನನ್ನ ಹಿಂದೆ ನೋಡಿದ್ಲು, ಜೀಪಿನ ಒಳಗೆ ನೋಡಿದ್ಲು. ಬಾಕ್ಸ್ ಎಲ್ಲಿ ಅಂದ್ಲು. ಇಲ್ಲ ಅಂದೆ. ಅವಳು ಒಳಗೆ ಹೋಗಿ ಕುರ್ಚಿ ತಂದ್ಲು ಮಗಾ, ಬೆಲ್ಲ ತಂದ್ಲು, ನೀರು ತಂದ್ಲು, ನೆಂಟರಿಗೆ ಕೊಡುವ ಹಾಗೆ. ಅಕ್ಕಾ, ಕೂತ್ಕೋ, ಬಚ್ಚಿ ಸುಸ್ತಾಗಿದ್ದೀಯ ಅಂತ ಹೇಳಿದ್ಲು. ನಾನು ಕೂತೆ."